ಮ್ಯಾಪ್ ಕರ್ನಾಟಕಕ್ಕಿಂತ ದೊಡ್ಡದಂತೆ! ಹಾಗಾದರೆ ಆ ಗೇಮ್ ದೊಡ್ಡದು ಅಂತ ಅನಿಸುವುದಿಲ್ಲವೇಕೆ?

“ಈ ಗೇಮ್‌ನ ಮ್ಯಾಪ್ ಇಡೀ ಕರ್ನಾಟಕಕ್ಕಿಂತ ದೊಡ್ಡದು! ನಿಮ್ಮ ಗೇಮರ್ ಗೆಳೆಯರಿಗೂ ಕಳಿಸಿ.” ಕೆಳಗೆ ಹತ್ತಾರು ಆಟಗಳ ನಕ್ಷೆಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿದ ಒಂದು ಚಿತ್ರ. ಇಂಥದ್ದೊಂದು ಫಾರ್ವರ್ಡ್ ನಿಮ್ಮ ವಾಟ್ಸ್ಯಾಪ್ ಗುಂಪಿಗೂ ಬಂದಿರಬಹುದು.

ಈ ಹೋಲಿಕೆ ನೋಡಿಯೇ ಗೇಮ್ ಕೊಳ್ಳುವವರು ಬಹಳ ಮಂದಿ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದ್ದಬದ್ದ ಫೋಟೋ ಅಳಿಸಿ ಜಾಗ ಮಾಡುತ್ತಾರೆ, ದಿನದ ಡೇಟಾ ಪೂರ್ತಿ ಸುರಿದು ಡೌನ್‌ಲೋಡ್ ಮಾಡುತ್ತಾರೆ. ಎರಡು ವಾರ ಆಡಿದ ಮೇಲೆ ಬರುವ ಮಾತು ಬೇರೆ: “ಮ್ಯಾಪೇನೋ ದೊಡ್ಡದೇ, ಆದರೆ ಎಲ್ಲಾ ಇಲ್ಲೇ ಪಕ್ಕದಲ್ಲೇ ಇದ್ದ ಹಾಗಿದೆ.” ಅದೇ ಮನುಷ್ಯ ಇಪ್ಪತ್ತು ವರ್ಷದ ಹಿಂದೆ ಸೈಬರ್ ಸೆಂಟರಿನಲ್ಲಿ ಆಡಿದ ಹಳೆಯ ಗೇಮನ್ನು ನೆನೆದು “ಅದೆಂಥ ದೊಡ್ಡ ಲೋಕ ಮಾರಾಯ!” ಎನ್ನುತ್ತಾನೆ. ಅಳತೆ ಹಾಕಿದರೆ ಆ ಹಳೆಯ ಲೋಕ ಬೆಂಗಳೂರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟೂ ಇರುವುದಿಲ್ಲ.

ಇದು ಬರೀ ಹಳೆಯ ನೆನಪಿನ ಮೋಹವೇ? ಅಲ್ಲ. ಇದಕ್ಕೆ ಲೆಕ್ಕದಲ್ಲೂ ಮನೋವಿಜ್ಞಾನದಲ್ಲೂ ಕಾರಣ ಸಿಗುತ್ತದೆ. ಅದರಲ್ಲಿ ಮುಖ್ಯವಾದ ಒಂದು ಕಾರಣ ನೀವು ಆಡುವಾಗ ನಿಮ್ಮ ಬೆರಳ ತುದಿಯಲ್ಲೇ ಇರುತ್ತದೆ. ಅದರ ಹೆಸರು ಫಾಸ್ಟ್ ಟ್ರಾವೆಲ್.

ಎರಡು ಪದಗಳನ್ನು ಮೊದಲೇ ಬಿಡಿಸಿಕೊಳ್ಳೋಣ. ಇದೇ ದಾರಿಯಲ್ಲೇ ಹೋಗಬೇಕೆಂಬ ಕಟ್ಟುಪಾಡಿಲ್ಲದೆ, ಊರು, ಕಾಡು, ಬೆಟ್ಟ ಎಲ್ಲೆಂದರಲ್ಲಿ ಓಡಾಡಲು ಬಿಡುವ ಆಟಗಳಿಗೆ ಓಪನ್ ವರ್ಲ್ಡ್ ಗೇಮ್ ಎನ್ನುತ್ತಾರೆ. ಅಂಥ ಆಟದಲ್ಲಿ ಮ್ಯಾಪ್ ತೆರೆದು ಒಂದು ಊರಿನ ಗುರುತಿನ ಮೇಲೆ ಒತ್ತಿದರೆ, ನಡುವಿನ ದಾರಿ ತುಳಿಯದೆ ನೇರ ಅಲ್ಲಿಗೇ ಹೋಗಿ ನಿಲ್ಲುವ ಸೌಲಭ್ಯವೇ ಫಾಸ್ಟ್ ಟ್ರಾವೆಲ್.

ಕರ್ನಾಟಕಕ್ಕಿಂತ ದೊಡ್ಡ ಮ್ಯಾಪ್: ಇದು ನಿಜವೇ?

ಕೆಲವು ಆಟಗಳ ವಿಷಯದಲ್ಲಿ ಪೂರ್ತಿ ನಿಜ.

ಮೈನ್‌ಕ್ರಾಫ್ಟ್ ತೆಗೆದುಕೊಳ್ಳಿ. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಅದರ ಲೋಕ ಉದ್ದಕ್ಕೂ ಅಗಲಕ್ಕೂ ಸುಮಾರು 6 ಕೋಟಿ ಬ್ಲಾಕ್. ಒಂದು ಬ್ಲಾಕ್ ಎಂದರೆ ಒಂದು ಮೀಟರ್. ಅಂದರೆ ಒಂದೊಂದು ಬದಿ 60,000 ಕಿ.ಮೀ., ಒಟ್ಟು ವಿಸ್ತೀರ್ಣ 360 ಕೋಟಿ ಚದರ ಕಿ.ಮೀ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಕರ್ನಾಟಕದ ಮಾತಿರಲಿ, ಕಡಲೂ ಸೇರಿದಂತೆ ಇಡೀ ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿ.ಮೀ. ಮೈನ್‌ಕ್ರಾಫ್ಟ್ ಅದರ ಏಳು ಪಟ್ಟು! ಆಟದ ಮಾಮೂಲಿ ನಡಿಗೆಯ ವೇಗದಲ್ಲಿ, ಸೆಕೆಂಡಿಗೆ 4.3 ಮೀಟರಿನಂತೆ, ನಡುವಿನಿಂದ ಒಂದು ಅಂಚಿಗೆ ಹೋಗಲು ಊಟ ನಿದ್ದೆ ಬಿಟ್ಟು ನಡೆದರೂ 80 ದಿನ ಬೇಕು.

2016ರಲ್ಲಿ ಬಂದ ನೋ ಮ್ಯಾನ್ಸ್ ಸ್ಕೈ ಇನ್ನೂ ಮುಂದೆ ಹೋಯಿತು. ಅದರಲ್ಲಿರುವ ಗ್ರಹಗಳ ಸಂಖ್ಯೆಯನ್ನು ಬರೆಯಲು 20 ಅಂಕೆ ಬೇಕು.

ಇಷ್ಟು ದೊಡ್ಡ ಲೋಕವನ್ನು ಕೂತು ಕಟ್ಟಿದವರು ಯಾರು? ಯಾರೂ ಇಲ್ಲ. ಆ ಲೋಕ ಎಲ್ಲೂ ಶೇಖರವಾಗಿಯೂ ಇರುವುದಿಲ್ಲ. ಒಂದು ಸಂಖ್ಯೆಯನ್ನು ಬೀಜವಾಗಿ ಕೊಟ್ಟರೆ, ಗಣಿತದ ಸೂತ್ರವೊಂದು ನೀವು ಕಾಲಿಟ್ಟ ಕಡೆಯಲ್ಲೆಲ್ಲ ಬೆಟ್ಟ, ನದಿ, ಮರಗಳನ್ನು ಆಗಿಂದಾಗ್ಗೆ ಹುಟ್ಟಿಸುತ್ತ ಹೋಗುತ್ತದೆ. ಸೂತ್ರ ತಯಾರಾದ ಮೇಲೆ ಒಂದು ಜಿಲ್ಲೆಯಷ್ಟು ಜಾಗ ಬೇಕಾದರೂ ಅಷ್ಟೇ, ಹತ್ತು ಭೂಮಿಗಳಷ್ಟು ಬೇಕಾದರೂ ಅಷ್ಟೇ. ಹಾಗಾಗಿ ಚದರ ಕಿಲೋಮೀಟರ್ ಎಂಬುದು ಆಟದ ಲೋಕದಲ್ಲಿ ಬಹಳ ಅಗ್ಗದ ಸರಕು. ಫಾರ್ವರ್ಡ್ ಹೇಳದೆ ಬಿಡುವ ವಿಷಯ ಇದು.

ಈಗ ಕೈಯಲ್ಲಿ ಕಟ್ಟಿದ ಲೋಕಗಳ ಅಳತೆ ನೋಡಿ. ಆಟಗಾರರು ಅಳೆದು ಹೇಳುವ ಅಂದಾಜಿನ ಪ್ರಕಾರ 2011ರ ಸ್ಕೈರಿಮ್‌ನ ವಿಸ್ತೀರ್ಣ 40 ಚದರ ಕಿ.ಮೀ.ಗಿಂತ ಸ್ವಲ್ಪ ಕಡಿಮೆ. 2004ರ ಜಿಟಿಎ ಸ್ಯಾನ್ ಆಂಡ್ರಿಯಸ್ 36ರ ಆಸುಪಾಸು. ನೀವು ಫೋನಿನಲ್ಲಿ ಆಡುವ ಬಿಜಿಎಂಐನ ಎರಾಂಗೆಲ್ ಮ್ಯಾಪ್ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ, ಅಂದರೆ ಕಡಲೂ ಸೇರಿ 64 ಚದರ ಕಿ.ಮೀ. ಲೆಕ್ಕದಲ್ಲಿ ಎರಾಂಗೆಲ್, ಸ್ಕೈರಿಮ್‌ಗಿಂತ ದೊಡ್ಡದು. ಆದರೆ ಎರಡನ್ನೂ ಆಡಿದವರನ್ನು ಕೇಳಿ, ಎರಾಂಗೆಲ್ ಒಂದು ಮೈದಾನ, ಸ್ಕೈರಿಮ್ ಒಂದು ದೇಶ ಎನ್ನುತ್ತಾರೆ. ಆ “ದೇಶ”ದ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ದೂರ, ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಇರುವಷ್ಟೇ!

ಹಾಗಾದರೆ ಈ ದೊಡ್ಡತನ ಎಲ್ಲಿಂದ ಬಂತು?

ಮಂಜು ತೆಗೆದರು, ರಾಜ್ಯವೇ ಕುಗ್ಗಿತು

ಸ್ಯಾನ್ ಆಂಡ್ರಿಯಸ್ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಮೂರು ದೊಡ್ಡ ನಗರಗಳು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ವೇಗಾಸ್ ನಗರಗಳನ್ನು ಹೋಲುವಂತೆ ಕಟ್ಟಿದವು. ನಡುವೆ ಹಳ್ಳಿ, ಕಾಡು, ಮರುಭೂಮಿ, ಒಂದು ದೊಡ್ಡ ಬೆಟ್ಟ. ಆಡುತ್ತಿದ್ದವರಿಗೆ ಇದು ನಿಜಕ್ಕೂ ಒಂದು ರಾಜ್ಯ. ಒಂದು ನಗರದಿಂದ ಇನ್ನೊಂದಕ್ಕೆ ಹೋಗುವುದೆಂದರೆ ದೂರದ ಊರಿಗೆ ಹೊರಟಂತೆ.

ಅದು ಮೊದಲು ಬಂದದ್ದು ಪ್ಲೇಸ್ಟೇಷನ್ 2 ಯಂತ್ರಕ್ಕೆ. ಅದರ ಮುಖ್ಯ ಮೆಮೊರಿ ಕೇವಲ 32 ಎಂಬಿ. ಇಂದು ನಿಮ್ಮ ಫೋನಿನಲ್ಲಿ ತೆಗೆದ ಏಳೆಂಟು ಫೋಟೋಗಳಿಗೆ ಅಷ್ಟು ಜಾಗ ಹಿಡಿಯುತ್ತದೆ. ಅಷ್ಟರಲ್ಲಿ ದೂರದ ಬೆಟ್ಟ, ಕಟ್ಟಡಗಳನ್ನೆಲ್ಲ ಒಟ್ಟಿಗೆ ತೋರಿಸುವುದು ಆಗದ ಮಾತು. ಅದಕ್ಕೇ ಸ್ವಲ್ಪ ದೂರದ ಆಚೆಗೆ ಎಲ್ಲವನ್ನೂ ಮಂಜಿನಲ್ಲಿ ಮುಚ್ಚಿದರು. ಊರುಗಳ ನಡುವಿನ ರಸ್ತೆಗಳನ್ನು ಘಾಟಿಯ ರಸ್ತೆಯಂತೆ ಸುತ್ತಿಸಿ ಬಳಸಿದರು. ಜೊತೆಗೆ, ಕಥೆ ಮುಂದುವರಿಯುವ ತನಕ ಬೇರೆ ನಗರಗಳಿಗೆ ಹೋಗಲು ಬಿಡಲಿಲ್ಲ. ನುಗ್ಗಿದರೆ ಪೊಲೀಸರು ಬೆನ್ನು ಹತ್ತುತ್ತಿದ್ದರು.

2021ರಲ್ಲಿ ಈ ಆಟಕ್ಕೆ ಹೊಸ ರೂಪ ಕೊಟ್ಟು ಮತ್ತೆ ಬಿಡುಗಡೆ ಮಾಡಿದರು. ಹೊಸ ಯಂತ್ರಗಳಿಗೆ ಶಕ್ತಿ ಇತ್ತು, ಹಾಗಾಗಿ ಹಳೆಯ ಮಂಜು ಮಾಯವಾಯಿತು. ವಿಮಾನ ಹತ್ತಿದವರಿಗೆ, ಬೆಟ್ಟದ ತುದಿ ಏರಿದವರಿಗೆ ಒಂದು ಆಘಾತ ಕಾದಿತ್ತು. ಒಂದೇ ನೋಟದಲ್ಲಿ ಆ ಇಡೀ ರಾಜ್ಯ ಕಾಣುತ್ತಿತ್ತು! ದೂರದ ಊರು ಅಂದುಕೊಂಡದ್ದು ಬೆಟ್ಟದ ಬುಡದಲ್ಲೇ ಇತ್ತು. ಚಿತ್ರಗಳು ಇಂಟರ್ನೆಟ್ಟಿನಲ್ಲಿ ಹರಿದಾಡಿದವು, “ಇದೊಂದು ಆಟಿಕೆಯ ಊರು” ಎಂದು ಜನ ಬೇಸರಪಟ್ಟರು. ಮುಂದೆ ಬಂದ ಅಪ್‌ಡೇಟ್‌ಗಳಲ್ಲಿ ಮಂಜು ಮರಳಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಮ್ಯಾಪಿನ ಒಂದು ಇಂಚೂ ಬದಲಾಗಿರಲಿಲ್ಲ. ನಡುವಿನ ಮರೆ ಹೋದ ಕೂಡಲೇ ಲೋಕ ಸಣ್ಣದಾಯಿತು.

ಗಡಿಯಾರವೂ ಸೇರಿಕೊಂಡಿದೆ

ಇನ್ನೊಂದು ಉಪಾಯ ಸಮಯದ್ದು. ಸ್ಕೈರಿಮ್‌ನಲ್ಲಿ ಆಟದ ಗಡಿಯಾರ ನಮ್ಮ ಗಡಿಯಾರಕ್ಕಿಂತ 20 ಪಟ್ಟು ವೇಗವಾಗಿ ಓಡುತ್ತದೆ. ಅಲ್ಲಿನ ಒಂದು ದಿನ ನಮ್ಮ 72 ನಿಮಿಷ. ಜಿಟಿಎ 5ರಲ್ಲಿ ಒಂದು ದಿನಕ್ಕೆ 48 ನಿಮಿಷ, ಮೈನ್‌ಕ್ರಾಫ್ಟ್‌ನಲ್ಲಿ 20 ನಿಮಿಷ. ನೀವು ಸ್ಕೈರಿಮ್‌ನಲ್ಲಿ ಅರ್ಧ ಗಂಟೆ ನಡೆದರೆ ಅಲ್ಲಿ ಹತ್ತು ಗಂಟೆ ಕಳೆದಿರುತ್ತದೆ. ಬೆಳಗ್ಗೆ ಹೊರಟವರು ಊರು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. “ಬೆಳಗಿನಿಂದ ಸಂಜೆಯ ತನಕ ನಡೆದೆ” ಎಂಬ ಭಾವನೆ ತಾನಾಗಿ ಬರುತ್ತದೆ.

ಯೂರೋ ಟ್ರಕ್ ಸಿಮ್ಯುಲೇಟರ್ 2 ಇದನ್ನು ಮುಚ್ಚುಮರೆ ಇಲ್ಲದೆ ಮಾಡುತ್ತದೆ. ಅದರಲ್ಲಿ ಯೂರೋಪಿನ ಹೆದ್ದಾರಿಗಳನ್ನು ಸುಮಾರು 19ಕ್ಕೆ 1ರಂತೆ ಕುಗ್ಗಿಸಿದ್ದಾರೆ. ಹೆದ್ದಾರಿಯಲ್ಲಿ ಗಡಿಯಾರವನ್ನೂ ಅಷ್ಟೇ ಪಟ್ಟು ಓಡಿಸುತ್ತಾರೆ. ನಮ್ಮ ಬೆಂಗಳೂರು–ಮೈಸೂರು ರಸ್ತೆಯನ್ನು ಇದೇ ಅಳತೆಯಲ್ಲಿ ಕಟ್ಟಿದರೆ, 145 ಕಿ.ಮೀ. ಹೋಗಿ ಸುಮಾರು ಏಳೂವರೆ ಕಿ.ಮೀ. ಉಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡೂಕಾಲು ಗಂಟೆಗೂ ಮೀರಿದ ಪ್ರಯಾಣ ಎಂಟು ನಿಮಿಷದೊಳಗೆ ಮುಗಿಯುತ್ತದೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಒಂದಾದ ಮೇಲೊಂದು ಬರುತ್ತಿದ್ದರೆ ಸಾಕು, ಮನಸ್ಸು ಅದನ್ನು ಮೈಸೂರು ಪ್ರಯಾಣ ಎಂದೇ ಒಪ್ಪಿಕೊಳ್ಳುತ್ತದೆ.

ಯಾಕೆ ಒಪ್ಪಿಕೊಳ್ಳುತ್ತದೆ?

ಮೆದುಳಿನ ಹತ್ತಿರ ಟೇಪ್ ಇಲ್ಲ

ನಡೆದ ದೂರವನ್ನು ನಮ್ಮ ಮೆದುಳು ಮೀಟರ್ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವುದಿಲ್ಲ. ದಾರಿಯಲ್ಲಿ ಏನೇನು ಆಯಿತು, ಎಲ್ಲಿ ತಿರುಗಿದೆವು, ಏನು ಕಂಡೆವು ಎಂಬ ನೆನಪುಗಳಿಂದ ದೂರವನ್ನು ಅಂದಾಜು ಮಾಡುತ್ತದೆ.

1980ರಲ್ಲಿ ಅಮೆರಿಕದ ಸಡಾಲಾ ಮತ್ತು ಮೇಗಲ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಒಂದೇ ಉದ್ದದ ದಾರಿಗಳನ್ನು ನೆಲದ ಮೇಲೆ ಗುರುತು ಮಾಡಿದರು. ಕೆಲವಕ್ಕೆ ಕಡಿಮೆ ತಿರುವು, ಕೆಲವಕ್ಕೆ ಹೆಚ್ಚು. ಜನರನ್ನು ಅದರ ಮೇಲೆ ನಡೆಸಿ, ಯಾವುದು ಎಷ್ಟು ಉದ್ದ ಎಂದು ಕೇಳಿದರು. ತಿರುವು ಹೆಚ್ಚಿದ್ದ ದಾರಿಯೇ ಉದ್ದ ಎಂದು ಜನ ಅಂದಾಜು ಮಾಡಿದರು. ಈ ಪ್ರಯೋಗ ಗೇಮ್‌ಗಳ ಬಗ್ಗೆ ಮಾಡಿದ್ದಲ್ಲ. ಆದರೆ ಸ್ಯಾನ್ ಆಂಡ್ರಿಯಸ್‌ನ ಸುತ್ತುಬಳಸಿನ ರಸ್ತೆಗಳು ಏಕೆ ಕೆಲಸ ಮಾಡಿದವು ಎಂಬುದಕ್ಕೆ ಇದು ಹೊಂದುತ್ತದೆ.

ಊರಿನ ಚಿತ್ರ ತಲೆಯಲ್ಲಿ ಮೂಡುವುದಕ್ಕೆ “ಮನಸ್ಸಿನೊಳಗಿನ ನಕ್ಷೆ” ಎಂದು 1948ರಲ್ಲೇ ಎಡ್ವರ್ಡ್ ಟಾಲ್ಮನ್ ಎಂಬ ಮನೋವಿಜ್ಞಾನಿ ಹೆಸರಿಟ್ಟರು. ಈ ನಕ್ಷೆ ಮೆದುಳಿನಲ್ಲಿ ಹೇಗೆ ಮೂಡುತ್ತದೆ ಎಂಬ ಸುಳಿವು ಸಿಕ್ಕಿದ್ದು ಆಮೇಲೆ. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಎಚ್ಚೆತ್ತುಕೊಳ್ಳುವ ನರಕೋಶಗಳನ್ನು 1971ರಲ್ಲಿ ಜಾನ್ ಓಕೀಫ್ ಗುರುತಿಸಿದರು. ಓಡಾಡುವಾಗ ಜಾಗವನ್ನು ಷಟ್ಕೋನಗಳ ಜಾಲದಂತೆ ಗುರುತು ಹಾಕಿಕೊಳ್ಳುವ ಇನ್ನೊಂದು ಬಗೆಯ ಕೋಶಗಳನ್ನು 2005ರಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತಂಡ ಕಂಡಿತು. ಮೂವರಿಗೂ 2014ರ ನೊಬೆಲ್ ಬಂತು.

ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ತಲೆಯೊಳಗಿನ ನಕ್ಷೆ ಬೆಳೆಯುವುದು ಬಹುಮಟ್ಟಿಗೆ ಓಡಾಟದಿಂದ. ತಿರುವು, ಗುರುತಿನ ಮರ, ಏರು, ಇಳಿತ, ದಾರಿ ತಪ್ಪಿದ ಜಾಗ ಇವೇ ಅದರ ಇಟ್ಟಿಗೆಗಳು.

ಆಟ ಕಟ್ಟುವವರಿಗೂ ಇದು ಗೊತ್ತು. 2017ರಲ್ಲಿ ಬಂದ ಜೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್ ಕಟ್ಟುವಾಗ, ಅದರ ನಿರ್ದೇಶಕ ಹಿಡೆಮಾರೊ ಫುಜಿಬಯಾಶಿ ತಾವಿರುವ ಕ್ಯೋಟೊ ನಗರದ ನಕ್ಷೆಯನ್ನು ಆಟದ ನಕ್ಷೆಯ ಮೇಲಿಟ್ಟು ನೋಡಿದರಂತೆ. ದಿನಾ ಓಡಾಡುವ ಊರಿನಲ್ಲಿ ಇಲ್ಲಿಂದ ಅಲ್ಲಿಗೆ ಎಷ್ಟು ಹೊತ್ತಾಗುತ್ತದೆ ಎಂಬ ಅಂದಾಜು ಇರುತ್ತದಲ್ಲ, ಅದನ್ನೇ ಅಳತೆಗೋಲಾಗಿ ಬಳಸಿಕೊಂಡರು. ಆ ಆಟದ ಗುಡ್ಡಬೆಟ್ಟಗಳನ್ನು ತ್ರಿಕೋನದ ಆಕಾರದಲ್ಲಿ ಜೋಡಿಸಿದ ಬಗೆಯನ್ನೂ ತಂಡ ಅದೇ ವರ್ಷ ಜಪಾನಿನ ಸಮ್ಮೇಳನವೊಂದರಲ್ಲಿ ವಿವರಿಸಿತು. ಗುಡ್ಡ ಮುಂದಿನದನ್ನು ಮರೆಮಾಡುತ್ತದೆ, ನೀವು ಹತ್ತಬೇಕೋ ಸುತ್ತಬೇಕೋ ಯೋಚಿಸುತ್ತೀರಿ, ದಾಟಿದ ಮೇಲೆ ಹೊಸದೊಂದು ಕಾಣುತ್ತದೆ. ಮಂಜು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗುಡ್ಡ ಮಾಡಿತು.

ಫಾಸ್ಟ್ ಟ್ರಾವೆಲ್ ಒತ್ತಿದಾಗ ಒಳಗೆ ಏನಾಗುತ್ತದೆ?

“ನಾವು ಕಾಯುವಾಗ ಆಟ ನಮ್ಮನ್ನು ಒಳಗೊಳಗೇ ನಡೆಸಿಕೊಂಡು ಹೋಗುತ್ತಿರುತ್ತದೆ” ಎಂದು ಕೆಲವರು ನಂಬಿದ್ದಾರೆ. ಹಾಗೇನೂ ಇಲ್ಲ. ಸಾಮಾನ್ಯವಾಗಿ ನಡೆಯುವುದು ಮೂರು ಕೆಲಸ. ನೀವಿದ್ದ ಜಾಗದ ಕಟ್ಟಡ, ಮರ, ಮನುಷ್ಯರನ್ನು ಮೆಮೊರಿಯಿಂದ ತೆಗೆಯುತ್ತದೆ. ಹೋಗಬೇಕಾದ ಜಾಗದ ಸಾಮಾನನ್ನು ತುಂಬುತ್ತದೆ. ಗಡಿಯಾರ ಇರುವ ಆಟವಾದರೆ, ದೂರಕ್ಕೆ ತಕ್ಕಂತೆ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತದೆ. ನಡುವಿನ ಕಾಡು, ಹೊಳೆ, ಸೇತುವೆ ಯಾವುದೂ ಆ ಹೊತ್ತಿನಲ್ಲಿ ಇರುವುದೇ ಇಲ್ಲ.

2018ರ ಸ್ಪೈಡರ್-ಮ್ಯಾನ್ ಆಟ ಈ ಕಾಯುವ ಹೊತ್ತನ್ನು ಚೆನ್ನಾಗಿ ಮರೆಮಾಡಿತ್ತು. ವೇಷ ತೊಟ್ಟ ಸ್ಪೈಡರ್-ಮ್ಯಾನ್ ನ್ಯೂಯಾರ್ಕಿನ ಮೆಟ್ರೋ ರೈಲಿನಲ್ಲಿ ಸಾಮಾನ್ಯರ ಜೊತೆ ಕೂತು ಪ್ರಯಾಣಿಸುವ ದೃಶ್ಯ ಬರುತ್ತಿತ್ತು. ನೀವು ನಗುತ್ತಿದ್ದಾಗ ಹಿಂದೆ ಲೋಡಿಂಗ್ ಮುಗಿಯುತ್ತಿತ್ತು. 2023ರ ಸ್ಪೈಡರ್-ಮ್ಯಾನ್ 2 ಹೊತ್ತಿಗೆ ಯಂತ್ರಗಳ ವೇಗ ಎಷ್ಟು ಹೆಚ್ಚಿತೆಂದರೆ, ಮ್ಯಾಪಿನಲ್ಲಿ ಜಾಗ ಆರಿಸಿ ಬಟನ್ ಒತ್ತಿ ಹಿಡಿದ ಕ್ಷಣದಲ್ಲಿ ಅಲ್ಲಿರುತ್ತೀರಿ.

ಸಮಯ ಉಳಿಯಿತು, ಸರಿ. ಆದರೆ ತಲೆಯೊಳಗಿನ ನಕ್ಷೆಗೆ ಬೇಕಾದ ಇಟ್ಟಿಗೆಗಳೆಲ್ಲ ಇದ್ದದ್ದು ನಡುವಿನ ದಾರಿಯಲ್ಲಿ. ಅದನ್ನೇ ಜಿಗಿದರೆ ನಿಮ್ಮ ಪಾಲಿಗೆ ಉಳಿಯುವುದು ಬಿಡಿಬಿಡಿ ನಿಲ್ದಾಣಗಳು. ಐವತ್ತು ಊರುಗಳಿರುವ ದೇಶ ಐವತ್ತು ಕೋಣೆಗಳಿರುವ ಮನೆಯಾಗುತ್ತದೆ. ಬಾಗಿಲು ತೆರೆದರೆ ಇದು, ಇನ್ನೊಂದು ತೆರೆದರೆ ಅದು. “ಎಲ್ಲಾ ಪಕ್ಕದಲ್ಲೇ ಇದ್ದ ಹಾಗಿದೆ” ಎಂಬ ದೂರಿನ ಮೂಲ ಇಲ್ಲಿದೆ.

ಒಂದೇ ಸರಣಿ, ನಾಲ್ಕು ಪಾಠ

ಎಲ್ಡರ್ ಸ್ಕ್ರೋಲ್ಸ್ ಎಂಬ ಸರಣಿಯ ನಾಲ್ಕು ಆಟಗಳನ್ನು ಪಕ್ಕಪಕ್ಕ ಇಟ್ಟರೆ ಈ ವಿಷಯ ಸ್ಪಷ್ಟವಾಗುತ್ತದೆ.

1996ರ ಡ್ಯಾಗರ್‌ಫಾಲ್ ಲೋಕ ಬ್ರಿಟನ್ ದ್ವೀಪದಷ್ಟು ದೊಡ್ಡದು ಎಂದೇ ಹೆಸರಾಯಿತು. ಊರು, ಗುಹೆ, ಗುಡಿ ಎಲ್ಲಾ ಸೇರಿ ಸುಮಾರು 15 ಸಾವಿರ ತಾಣಗಳು, ಬಹುಪಾಲು ಸೂತ್ರದಿಂದ ಹುಟ್ಟಿದವು. ನಡೆದು ದಾಟುವುದು ಆಗದ ಮಾತು, ಹಾಗಾಗಿ ಎಲ್ಲರೂ ಫಾಸ್ಟ್ ಟ್ರಾವೆಲ್ ಮಾಡಲೇಬೇಕಿತ್ತು. ಆದರೆ ಅದಕ್ಕೊಂದು ಬೆಲೆ ಇತ್ತು. ಜಾಗ್ರತೆಯಾಗಿ ಹೋಗುತ್ತೀರೋ ಅವಸರದಲ್ಲೋ, ರಾತ್ರಿ ಛತ್ರದಲ್ಲಿ ತಂಗುತ್ತೀರೋ ಬಯಲಲ್ಲೋ, ಹಡಗೋ ನೆಲದ ದಾರಿಯೋ ಎಂದು ಆಟ ಕೇಳುತ್ತಿತ್ತು. ಅದಕ್ಕೆ ತಕ್ಕಂತೆ ದಿನಗಳು ಕಳೆಯುತ್ತಿದ್ದವು, ಹಣ ಕರಗುತ್ತಿತ್ತು. ಒಪ್ಪಿಕೊಂಡ ಕೆಲಸಗಳಿಗೆ ಗಡುವು ಬೇರೆ. “ಹದಿನೈದು ದಿನದ ದಾರಿ, ಗಡುವು ಹನ್ನೆರಡು ದಿನ” ಎಂದಾದರೆ ದೂರದ ಬಿಸಿ ತಟ್ಟುತ್ತಿತ್ತು. ಹೆಜ್ಜೆಯಲ್ಲಿ ಅಲ್ಲದಿದ್ದರೂ ಕ್ಯಾಲೆಂಡರಿನಲ್ಲಿ.

2002ರ ಮಾರೋವಿಂಡ್ ಅದರ ಮುಂದೆ ಒಂದು ಚುಕ್ಕೆ, ಸುಮಾರು 25 ಚದರ ಕಿ.ಮೀ. ಆಸುಪಾಸು. ಮ್ಯಾಪಿನ ಮೇಲೆ ಒತ್ತಿ ಹಾರುವ ಸೌಲಭ್ಯ ಇರಲಿಲ್ಲ. ಬದಲಿಗೆ ನಮ್ಮ ಊರಿನ ಬಸ್ಸಿನಂತೆ ಗೊತ್ತಾದ ಮಾರ್ಗಗಳಲ್ಲಿ ಮಾತ್ರ ಹೋಗುವ ದೈತ್ಯ ಕೀಟದ ಸವಾರಿ, ದೋಣಿ, ಮಂತ್ರವಾದಿಗಳ ಸಂಘದ ಕಡೆಯಿಂದ ಮಾಂತ್ರಿಕ ಸಾಗಾಟ. “ಇಲ್ಲಿಂದ ಕೀಟದ ಮೇಲೆ ಆ ಊರಿಗೆ, ಅಲ್ಲಿ ದೋಣಿ ಹಿಡಿದು ಈ ಊರಿಗೆ, ಮುಂದೆ ನಡಿಗೆ” ಎಂದು ಯೋಚಿಸಬೇಕಿತ್ತು. ದಾರಿ ತೋರಿಸುವ ಬಾಣದ ಗುರುತೂ ಇಲ್ಲ. ಬಾಯಲ್ಲಿ ಹೇಳಿದ ಗುರುತನ್ನು ಹಿಡಿದು ಹೋಗಬೇಕು. ನಡಿಗೆ ನಿಧಾನ, ಎದುರಿಗೆ ಮಂಜು. ಇಂದಿಗೂ ಆಡಿದವರು ಇದನ್ನು ಸರಣಿಯಲ್ಲೇ ವಿಶಾಲವಾದ ಲೋಕ ಎಂದು ನೆನೆಯುವುದುಂಟು.

2006ರ ಆಬ್ಲಿವಿಯನ್ ಅಳತೆಯಲ್ಲಿ ಮಾರೋವಿಂಡ್‌ಗಿಂತ ದೊಡ್ಡದು. ಆದರೆ ದೊಡ್ಡ ನಗರಗಳಿಗೆಲ್ಲ ಮೊದಲಿನಿಂದಲೇ ಮ್ಯಾಪ್ ಒತ್ತಿ ಹೋಗಬಹುದಿತ್ತು, ಒಮ್ಮೆಯೂ ಕಾಲಿಡದಿದ್ದರೂ. ದಿಕ್ಸೂಚಿಯಲ್ಲಿ ಬಾಣ ಬೇರೆ. ಲೋಕ ಕುಗ್ಗಿತು ಎಂದು ಹಳೆಯ ಆಟಗಾರರು ಗೊಣಗಿದರು.

2011ರ ಸ್ಕೈರಿಮ್ ನಡುವಿನ ದಾರಿ ಹಿಡಿಯಿತು. ನೀವು ಮೊದಲೇ ಹೋಗಿ ಕಂಡ ಜಾಗಕ್ಕೆ ಮಾತ್ರ ಜಿಗಿಯಬಹುದು. ಕಾಣದ ನಗರಕ್ಕೆ ಹೋಗಲು ದುಡ್ಡು ಕೊಟ್ಟು ಕುದುರೆಗಾಡಿ ಹತ್ತಬಹುದು.

ಹಾಗಾದರೆ ಫಾಸ್ಟ್ ಟ್ರಾವೆಲ್ ಬಳಸುವುದು ತಪ್ಪೇ?

ಖಂಡಿತ ಅಲ್ಲ. “ನಿಜವಾದ ಗೇಮರ್ ಫಾಸ್ಟ್ ಟ್ರಾವೆಲ್ ಬಳಸುವುದಿಲ್ಲ” ಎಂಬುದೂ ಒಂದು ಪೊಳ್ಳು ಮಾತೇ. ಕೆಲಸ ಮುಗಿಸಿ ಮನೆಗೆ ಬಂದು, ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಆಡುವವರಿಗೆ ಕಂಡ ದಾರಿಯನ್ನೇ ಹತ್ತನೇ ಸಲ ತುಳಿಯಿರಿ ಎನ್ನುವುದು ನ್ಯಾಯವಲ್ಲ. ಕೈನೋವಿರುವವರಿಗೆ, ಬಹಳ ಹೊತ್ತು ಬಟನ್ ಒತ್ತಲಾಗದವರಿಗೆ ಅದು ಅಗತ್ಯದ ಸೌಲಭ್ಯ.

ವ್ಯತ್ಯಾಸ ಇರುವುದು ಮೊದಲ ಸಲಕ್ಕೂ ಹತ್ತನೇ ಸಲಕ್ಕೂ ನಡುವೆ. ಮೊದಲ ಸಲ ಹೋಗುವಾಗ ದಾರಿಯ ಪ್ರತಿ ತಿರುವೂ ಹೊಸ ಮಾಹಿತಿ. ಹತ್ತನೇ ಸಲ ತಲೆಯೊಳಗಿನ ನಕ್ಷೆಗೆ ಸೇರಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಒಳ್ಳೆಯ ಆಟಗಳು ಇದನ್ನು ಅರಿತೇ ಕಟ್ಟಿರುತ್ತವೆ. 2011ರ ಡಾರ್ಕ್ ಸೋಲ್ಸ್ ಆಟದ ಮೊದಲರ್ಧದಲ್ಲಿ ಜಿಗಿಯುವ ಸೌಲಭ್ಯವೇ ಇಲ್ಲ. ಹೋದ ದಾರಿಯಲ್ಲೇ ವಾಪಸು ಬರಬೇಕು, ಇಲ್ಲವೇ ಒಳದಾರಿ ಹುಡುಕಬೇಕು. ಎಲ್ಲೋ ದೂರ ಬಂದೆ ಅಂದುಕೊಂಡವರು ಒಂದು ಲಿಫ್ಟ್ ಇಳಿದು ಹೊರಟ ಜಾಗದಲ್ಲೇ ನಿಂತಾಗ ಆಗುವ ಬೆರಗು ಆ ನಡಿಗೆಯ ಫಲ. ಲೋಕದ ಹಂದರ ಮನಸ್ಸಿನಲ್ಲಿ ಕೂತ ಮೇಲೆ ಜಿಗಿಯುವ ಶಕ್ತಿ ಕೈಗೆ ಬರುತ್ತದೆ.

2024ರ ಡ್ರ್ಯಾಗನ್ಸ್ ಡಾಗ್ಮಾ 2ರಲ್ಲಿ ಜಿಗಿಯಲು ಸುಲಭಕ್ಕೆ ಸಿಗದ ಒಂದು ಕಲ್ಲನ್ನು ಖರ್ಚು ಮಾಡಬೇಕು. ಅದರ ನಿರ್ದೇಶಕ ಹಿಡೆಆಕಿ ಇಟ್ಸುನೊ ಅವರ ವಾದ ನೇರ. ಪ್ರಯಾಣ ಬೇಸರ ತರಿಸುತ್ತಿದ್ದರೆ ತಪ್ಪು ಪ್ರಯಾಣದ್ದಲ್ಲ, ದಾರಿಯಲ್ಲಿ ಏನನ್ನೂ ಇಡದ ಆಟದ್ದು. ಸ್ಪೈಡರ್-ಮ್ಯಾನ್ ಇದಕ್ಕೆ ಸಾಕ್ಷಿ. ಕಟ್ಟಡದಿಂದ ಕಟ್ಟಡಕ್ಕೆ ಬಲೆ ಬೀಸಿ ಹಾರುವುದೇ ಅಷ್ಟು ಖುಷಿ ಕೊಡುವುದರಿಂದ, ಕ್ಷಣದಲ್ಲಿ ಹೋಗುವ ಸೌಲಭ್ಯ ಇದ್ದರೂ ಬಹಳ ಮಂದಿ ಹಾರಿಯೇ ಹೋಗುತ್ತಾರೆ.

ಇದು ಆಟಕ್ಕೆ ಮಾತ್ರ ಸೀಮಿತವೇ?

ಬೆಂಗಳೂರಿಗೆ ಹೊಸದಾಗಿ ಬಂದು ಬರೀ ಮೆಟ್ರೋದಲ್ಲಿ ಓಡಾಡುವವರನ್ನು ಕೇಳಿ ನೋಡಿ. ಮೆಜೆಸ್ಟಿಕ್‌ನಲ್ಲಿ ನೆಲದಡಿ ಇಳಿದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೇಲೆ ಬಂದರೆ, ಎರಡೂ ಜಾಗ ಗೊತ್ತು, ನಡುವೆ ಏನಿದೆ ಗೊತ್ತಿಲ್ಲ. ವಿಧಾನಸೌಧ ನಿಲ್ದಾಣದಿಂದ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಆರಾಮಾಗಿ ನಡೆದೇ ಹೋಗಬಹುದು ಎಂದರೆ ಅಚ್ಚರಿಪಡುತ್ತಾರೆ. ನೆಲದಡಿಯ ಮೆಟ್ರೋ ನಮ್ಮ ಊರಿನ ಫಾಸ್ಟ್ ಟ್ರಾವೆಲ್.

ಇಲ್ಲೇ ಇನ್ನೊಂದು ಫಾರ್ವರ್ಡ್ ಬಗ್ಗೆ ಎಚ್ಚರ. “ಫೋನಿನ ಮ್ಯಾಪ್ ಬಳಸಿದರೆ ಮೆದುಳು ಕುಗ್ಗುತ್ತದೆ” ಎಂದು ಹಂಚುತ್ತಾರೆ. 2020ರಲ್ಲಿ ಕೆನಡಾದ ಸಂಶೋಧಕರು 50 ಚಾಲಕರನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ಜಿಪಿಎಸ್ ಹೆಚ್ಚು ಬಳಸಿದವರು, ಅದಿಲ್ಲದೆ ದಾರಿ ನೆನಪಿಡಬೇಕಾದ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಆದರೆ ಇದು ಚಿಕ್ಕ ಅಧ್ಯಯನ. ಮೂರು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದ್ದು ಅವರಲ್ಲಿ 13 ಮಂದಿಯನ್ನು ಮಾತ್ರ. ಮೆದುಳು ಕುಗ್ಗಿತು ಎಂದು ಅದು ಹೇಳಿಲ್ಲ. ಬಳಸದ ಅಭ್ಯಾಸ ಮೊಂಡಾಗಬಹುದು ಎಂಬಷ್ಟಕ್ಕೆ ಅದು ಸುಳಿವು. ಫಾಸ್ಟ್ ಟ್ರಾವೆಲ್ ಬಳಸಿದರೆ ಮೆದುಳಿಗೆ ಹಾನಿ ಎಂದು ಯಾರಾದರೂ ಕಳಿಸಿದರೆ ಅದನ್ನೂ ನಂಬಬೇಡಿ.

ನೀವೇ ಪರೀಕ್ಷೆ ಮಾಡಿ ನೋಡಿ

ಇದಕ್ಕೆ ಹೊಸ ಗೇಮ್ ಕೊಳ್ಳಬೇಕಿಲ್ಲ. ನಿಮ್ಮ ಬಳಿ ಇರುವ ಯಾವುದೇ ಓಪನ್ ವರ್ಲ್ಡ್ ಆಟದಲ್ಲಿ ನೀವು ಸದಾ ಜಿಗಿದೇ ಹೋಗುವ ಎರಡು ಊರು ಆರಿಸಿ. ನಡುವೆ ಏನೇನಿದೆ ಎಂದು ಮೊದಲು ಒಂದು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿದ್ದರೆ ಮೂಲೆಯ ಚಿಕ್ಕ ಮ್ಯಾಪನ್ನು ಆಫ್ ಮಾಡಿ, ಒಮ್ಮೆ ನಡೆದು ಹೋಗಿ. ಬಂದ ಮೇಲೆ ಮತ್ತೆ ಬರೆಯಿರಿ. ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟರೆ, ಆಟ ಎಷ್ಟು ದೊಡ್ಡದಿತ್ತು, ನಿಮ್ಮ ಪಾಲಿಗೆ ಎಷ್ಟು ಚಿಕ್ಕದಾಗಿತ್ತು ಎಂಬುದು ತಾನೇ ಕಾಣುತ್ತದೆ.

ಇನ್ನು ಆ ಫಾರ್ವರ್ಡ್ ಮತ್ತೆ ಬಂದರೆ ಅಳಿಸಬೇಕಿಲ್ಲ. ಅಂಕಿ ಸರಿಯಿರಬಹುದು. ಕಳಿಸಿದವರಿಗೆ ಮೂರು ಪ್ರಶ್ನೆ ಕೇಳಿ. ಆ ಮ್ಯಾಪ್ ಕೈಯಲ್ಲಿ ಕಟ್ಟಿದ್ದೋ ಸೂತ್ರದಿಂದ ಹುಟ್ಟಿದ್ದೋ? ಅದರಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಏನು ಮಾಡಬೇಕು? ನೀನು ಕೊನೆಯ ಸಲ ಅಲ್ಲಿ ನಡೆದು ಹೋದದ್ದು ಯಾವಾಗ? ಮೂರನೆಯದಕ್ಕೆ “ನಡೆದೇ ಇಲ್ಲ” ಎಂಬ ಉತ್ತರ ಬಂದರೆ, ಮ್ಯಾಪ್ ಕರ್ನಾಟಕಕ್ಕಿಂತ ದೊಡ್ಡದಾಗಿದ್ದರೂ ಅವರು ಕಂಡದ್ದು ಒಂದಷ್ಟು ಬಸ್ ಸ್ಟ್ಯಾಂಡ್‌ಗಳನ್ನು ಮಾತ್ರ.